ಹಸಿರು ಬಟ್ಟೆಯ ಕೆಳಗಿನ ಸ್ಲೇಟು

ಮೇಜಿಗೆ ಇಸ್ತ್ರಿ ಹಾಕುವುದನ್ನು ನೀವು ನೋಡಿದ್ದೀರಾ? ಮೇಜಿನ ಮೇಲೆ ಅಂಗಿ ಹರಡಿ ಹಾಕುವ ಇಸ್ತ್ರಿಯಲ್ಲ. ಮೇಜಿಗೇ!

ನಾನು ನೋಡಿದ್ದು ಹೋದ ವರ್ಷ, ಒಂದು ಜಡಿಮಳೆಯ ಸಂಜೆ, ಬೆಂಗಳೂರಿನ ಹಳೆಯ ಕ್ಲಬ್ಬೊಂದರಲ್ಲಿ. ಕರೆದಿದ್ದ ಗೆಳೆಯ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿದ್ದ. ಕೂರಲು ಒಣ ಜಾಗ ಹುಡುಕುತ್ತ ಹೋದವನ ಎದುರು ತೆರೆದುಕೊಂಡದ್ದು ಬಿಲಿಯರ್ಡ್ಸ್ ಕೋಣೆ. ಒಳಗೆ ವಯಸ್ಸಾದ ಮಾರ್ಕರ್ ಒಬ್ಬರೇ ಇದ್ದರು. ಮೇಜನ್ನು ನೋಡಿಕೊಳ್ಳುವವರಿಗೆ, ಅಂಕ ಬರೆಯುವವರಿಗೆ ನಮ್ಮ ಕ್ಲಬ್ಬುಗಳಲ್ಲಿ ಇವತ್ತಿಗೂ ಇರುವ ಹೆಸರು ಅದೇ, ಮಾರ್ಕರ್. ಅವರು ಉದ್ದನೆಯ ಬ್ರಷ್ ಹಿಡಿದು ಹನ್ನೆರಡು ಅಡಿಯ ಮೇಜನ್ನು ಒಂದೇ ದಿಕ್ಕಿಗೆ, ಮಗುವಿನ ತಲೆ ಬಾಚುವ ತಾಳ್ಮೆಯಲ್ಲಿ, ಬಾಚಿ ಮುಗಿಸಿದರು. ಆಮೇಲೆ ಇಟ್ಟಿಗೆಯಷ್ಟು ಭಾರದ ಇಸ್ತ್ರಿಪೆಟ್ಟಿಗೆ ತಂದರು. ಹಳೆಯ ಪೇಪರಿನ ಮೇಲಿಟ್ಟು ಬಿಸಿ ನೋಡಿದರು, ಪೇಪರು ಕಂದಲಿಲ್ಲ. ಈ ತುದಿಯಿಂದ ಆ ತುದಿಯವರೆಗೆ, ನಡುವೆ ಎಲ್ಲೂ ನಿಲ್ಲಿಸದೆ, ಒಂದೇ ಎಳೆತ. ಬಿಸಿ ಉಣ್ಣೆಯ ವಾಸನೆ ಕೋಣೆ ತುಂಬಿತು.

ನಾನು ಬಾಯಿ ಬಿಟ್ಟುಕೊಂಡು ನಿಂತದ್ದನ್ನು ನೋಡಿ ಅವರು ನಕ್ಕರು. "ಕೈ ಇಟ್ಟು ನೋಡಿ ಸಾರ್. ಹಿಂಗೆ ಹೋಗಿ... ಈಗ ವಾಪಸ್ ಬನ್ನಿ."

ಹೋಗುವಾಗ ರೇಷ್ಮೆ. ಬರುವಾಗ ಅಂಗೈಗೆ ಏನೋ ತಡೆದಂತೆ. ಬೆಕ್ಕಿನ ಬೆನ್ನನ್ನು ತಲೆಯಿಂದ ಬಾಲಕ್ಕೆ ಸವರಿ, ಮತ್ತೆ ಬಾಲದಿಂದ ತಲೆಗೆ ಸವರಿದರೆ ಹೇಗಿರುತ್ತದೋ ಹಾಗೆ. ಆ ಹಸಿರು ಬಟ್ಟೆಗೆ ರೋಮವಿದೆ! ಅದು ಒಂದೇ ಕಡೆಗೆ ಮಲಗಿರುತ್ತದೆ. ಅದನ್ನು ಆಡುವವರು ನ್ಯಾಪ್ ಎನ್ನುತ್ತಾರೆ. ಜೋರಾಗಿ ಓಡುವ ಚೆಂಡು ಅದನ್ನು ಲೆಕ್ಕಕ್ಕೇ ಇಡುವುದಿಲ್ಲ. ಆದರೆ ಮೆಲ್ಲಗೆ ಉರುಳುವ ಚೆಂಡು ರೋಮಕ್ಕೆ ಎದುರಾಗಿ ಹೊರಟರೆ ಕೊನೆಯ ಗೇಣಿನಲ್ಲಿ ಒಂಚೂರು ಬಳುಕುತ್ತದೆ. ಆ ಒಂಚೂರಿನಲ್ಲಿ ವಿಶ್ವ ಚಾಂಪಿಯನ್‌ಶಿಪ್ಪುಗಳು ಕೈತಪ್ಪಿ ಹೋಗಿವೆ.

ಮಾರ್ಕರ್ ಆಮೇಲೆ ಬಗ್ಗಿ ಮೇಜಿನ ಅಡಿಭಾಗಕ್ಕೆ ಬೆರಳ ಗೆಣ್ಣಿನಿಂದ ಕುಟ್ಟಿದರು. ಮರದ ಸದ್ದಲ್ಲ ಅದು. "ಸ್ಲೇಟು ಸಾರ್. ಒಂದನೇ ಕ್ಲಾಸಲ್ಲಿ ನೀವೂ ಬರ್ದಿರ್ತೀರಲ್ಲ, ಅದೇ ಕಲ್ಲು."

ನನ್ನ ಎದೆ ಝಲ್ಲೆಂದಿತು. ಬಳಪ ಹಿಡಿದು ಅ ಆ ಇ ಈ ತಿದ್ದಿದ ಸ್ಲೇಟು! ಎಂಜಲು ಹಚ್ಚಿ ಒರೆಸಿ ಅಮ್ಮನಿಂದ ಬೈಸಿಕೊಂಡ ಸ್ಲೇಟು! ಆ ಬಟ್ಟೆಯ ಕೆಳಗೆ ಅಂಥ ಐದು ಚಪ್ಪಡಿಗಳು ಒಂದರ ಪಕ್ಕ ಒಂದು ಕೂತಿವೆ, ಸಂದು ಕಾಣದಂತೆ. ಒಂದೊಂದೂ ಎರಡು ಬೆರಳಿನಷ್ಟು ದಪ್ಪ. ಇಡೀ ಮೇಜು ತೂಗಿದರೆ ಒಂದು ಟನ್ನಿಗೂ ಮೇಲೆ. ಲಂಡನ್ನಿನ ಜಾನ್ ಥರ್ಸ್‌ಟನ್ 1826ರಲ್ಲಿ ಈ ಕಲ್ಲನ್ನು ಮೇಜಿಗೆ ತಂದ. ಅದಕ್ಕೂ ಮೊದಲು ಮರದ ಹಲಗೆ ಇರುತ್ತಿತ್ತು. ಮಳೆಗಾಲಕ್ಕೆ ಉಬ್ಬುತ್ತಿತ್ತು, ಬೇಸಿಗೆಗೆ ಬಾಗುತ್ತಿತ್ತು, ಚೆಂಡು ತನಗೆ ತೋಚಿದ ಕಡೆ ಹೋಗುತ್ತಿತ್ತು. ಬೆಟ್ಟ ಕಡಿದು ತಂದ ಕಲ್ಲಿಗೆ ಮಳೆಯೂ ಇಲ್ಲ, ಬಿಸಿಲೂ ಇಲ್ಲ.

ಆ ಸಂಜೆಯಿಂದ ನನಗೆ ಈ ಆಟದ ಹುಚ್ಚು ಹಿಡಿದಿದೆ. ಆಡುವ ಹುಚ್ಚಿಗಿಂತ ಕೆದಕುವ ಹುಚ್ಚು. ಆ ಮೇಜಿನ ಮೇಲಿನ ಯಾವ ವಸ್ತುವನ್ನು ಎತ್ತಿ ನೋಡಿದರೂ ಅದು ಬೇರೆಯೇ ಏನೋ ಆಗಿರುತ್ತದೆ. ಬಟ್ಟೆಯ ಬಣ್ಣವನ್ನೇ ನೋಡಿ. ಅದು ಹುಲ್ಲು! ಯುರೋಪಿನಲ್ಲಿ ಬಯಲಿನ ಹುಲ್ಲುಹಾಸಿನ ಮೇಲೆ ಚೆಂಡು ದೂಡುತ್ತಿದ್ದ ಆಟವನ್ನು ಚಳಿ ಮಳೆಗೆ ಹೆದರಿ ಮನೆಯೊಳಗೆ ತಂದವರು ಮೇಜಿಗೆ ಹುಲ್ಲಿನ ಬಣ್ಣವನ್ನೂ ಹೊದಿಸಿದರು. ಫ್ರಾನ್ಸಿನ ದೊರೆ 11ನೇ ಲೂಯಿಯ ಬಳಿ 15ನೇ ಶತಮಾನದಲ್ಲೇ ಅಂಥ ಮೇಜಿತ್ತು.

ಇನ್ನು ಚಾಕ್. ಆಡುವ ಕೋಲಿನ, ಅಂದರೆ ಕ್ಯೂವಿನ, ತುದಿಗೆ ಉಜ್ಜುವ ಆ ನೀಲಿ ಗಟ್ಟಿಯನ್ನು ನಾನು ಸೀಮೆಸುಣ್ಣ ಅಂದುಕೊಂಡಿದ್ದೆ. ಅದರಲ್ಲಿ ಸುಣ್ಣವೇ ಇಲ್ಲ! ಷಿಕಾಗೊದ ವೃತ್ತಿಪರ ಆಟಗಾರ ವಿಲಿಯಂ ಸ್ಪಿಂಕ್ಸ್ ಮತ್ತು ರಸಾಯನಶಾಸ್ತ್ರಜ್ಞ ವಿಲಿಯಂ ಹಾಸ್ಕಿನ್ಸ್ ಸೇರಿ 1897ರಲ್ಲಿ ಪೇಟೆಂಟ್ ಪಡೆದ ಪುಡಿ ಅದು. ಅದರಲ್ಲಿರುವುದು ಮರಳಿನ ಸಿಲಿಕಾ, ಜೊತೆಗೆ ಉಜ್ಜುಕಾಗದದಲ್ಲಿ ಬಳಸುವಂಥ ಗಡಸು ಹರಳು. ಚೆಂಡಿಗೆ ತುದಿ ತಾಗಿರುವುದು ಒಂದು ಸೆಕೆಂಡಿನ ಸುಮಾರು ಸಾವಿರದ ಒಂದು ಪಾಲು. ಅಷ್ಟರೊಳಗೆ ಜಾರದೆ ಚೆಂಡನ್ನು ಕಚ್ಚಿ ಹಿಡಿದು ತಿರುಚಿ ಬಿಡಬೇಕು. ಆ ಕಚ್ಚುವ ಹಲ್ಲೇ ನೀಲಿ ಪುಡಿ.

ಕೋಲಿನ ತುದಿಗೆ ಚರ್ಮ ಬಂದ ಕತೆ ಇನ್ನೂ ಸೊಗಸಾಗಿದೆ. ಫ್ರೆಂಚ್ ಸೈನ್ಯದಲ್ಲಿದ್ದ ಫ್ರಾಂಸ್ವಾ ಮಿಂಗೋ ಎಂಬಾತ ಸೆರೆವಾಸದಲ್ಲಿದ್ದಾಗ ಈ ಉಪಾಯ ಕಂಡುಕೊಂಡ ಎನ್ನುತ್ತಾರೆ. ಹೊರಬಂದವನು ಪ್ಯಾರಿಸ್ಸಿನ ಕಾಫಿ ಮನೆಗಳಲ್ಲಿ ಚೆಂಡು ಮುಂದೆ ಹೋಗಿ, ಇನ್ನೊಂದನ್ನು ಮುಟ್ಟಿ, ಮಾತು ಕೇಳುವ ನಾಯಿಯಂತೆ ಹಿಂದಕ್ಕೆ ಬರುವುದನ್ನು ತೋರಿಸಿದಾಗ ಜನ ದಂಗಾದರು. ಇಂಗ್ಲೆಂಡಿನ ಬಾತ್ ಪಟ್ಟಣದಲ್ಲಿ ಜ್ಯಾಕ್ ಕಾರ್ ಎಂಬವನು ಸಾಮಾನ್ಯ ಚಾಕ್ ಪುಡಿಯನ್ನೇ ಡಬ್ಬಿಗೆ ತುಂಬಿ, ಚೆಂಡು ತಿರುಗಿಸುವ ಮಾಯದ ಪುಡಿ ಎಂದು ಮಾರಿದ. ಆ ಜ್ಯಾಕ್ ಕಾರ್ ವೃತ್ತಿಯಲ್ಲಿ ಯಾರು ಗೊತ್ತೇ? ಮಾರ್ಕರ್! ಇದನ್ನು ಓದಿದ ದಿನ ನನಗೆ ಆ ಇಸ್ತ್ರಿಯ ಯಜಮಾನರ ಮುಖ ಕಣ್ಣೆದುರು ಬಂತು.

ಚೆಂಡು ಹೀಗೇಕೆ ತಿರುಗುತ್ತದೆ ಎಂದು ಲೆಕ್ಕ ಹಾಕಿದವನು ಇನ್ನೊಬ್ಬ ಫ್ರೆಂಚ್ ಮಹನೀಯ, ಗಣಿತಜ್ಞ ಗಾಸ್ಪಾರ್ ಕೊರಿಯೊಲಿಸ್. 1835ರಲ್ಲಿ ಬಿಲಿಯರ್ಡ್ಸ್ ಚೆಂಡಿನ ಗಣಿತವನ್ನೇ ಕುರಿತು ಇಡೀ ಪುಸ್ತಕ ಬರೆದ. ಹೆಸರು ಎಲ್ಲೋ ಕೇಳಿದಂತಿದೆಯಲ್ಲ? ಹೈಸ್ಕೂಲಿನ ಭೂಗೋಳದಲ್ಲಿ! ಭೂಮಿ ತಿರುಗುವುದರಿಂದ ಗಾಳಿಯ ದಾರಿ ಓರೆಯಾಗುತ್ತದೆ ಎಂಬ ಪಾಠದಲ್ಲಿ! ದಕ್ಷಿಣಾರ್ಧದಿಂದ ಹೊರಟ ಗಾಳಿ ಸಮಭಾಜಕ ದಾಟಿದ ಮೇಲೆ ಬಲಕ್ಕೆ ಬಾಗಿ, ನೈಋತ್ಯ ಮುಂಗಾರಾಗಿ, ಪಶ್ಚಿಮ ಘಟ್ಟಕ್ಕೆ ಬಂದು ಅಪ್ಪಳಿಸುತ್ತದೆ. ಆ ಬಾಗಿಗೆ ಹೆಸರು ಕೊಟ್ಟ ಲೆಕ್ಕವೂ ಅದೇ 1835ರದ್ದು, ಅದೇ ಮನುಷ್ಯನದ್ದು. ಅಂದರೆ ಆ ಸಂಜೆ ಕಿಟಕಿಯ ಹೊರಗೆ ಸುರಿಯುತ್ತಿದ್ದ ಮಳೆಯನ್ನೂ ಕಿಟಕಿಯ ಒಳಗೆ ಬಳುಕುತ್ತಿದ್ದ ಚೆಂಡನ್ನೂ ಒಂದೇ ತಲೆ, ಒಂದೇ ವರ್ಷದಲ್ಲಿ ಲೆಕ್ಕ ಮಾಡಿತ್ತು. ಇದನ್ನು ತಿಳಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಆದರೆ ನನ್ನನ್ನು ಅಲುಗಾಡಿಸಿಬಿಟ್ಟದ್ದು ಚೆಂಡು.

ಒಂದು ಕಾಲಕ್ಕೆ ಈ ಚೆಂಡು ಆನೆಯಾಗಿತ್ತು. ಕಾಡಿನಲ್ಲಿ ನಡೆದಾಡಿಕೊಂಡಿದ್ದ ಆನೆ. ದಂತದ ನಡುವೆ ಒಂದು ನರದ ಎಳೆ ಹಾದುಹೋಗಿರುತ್ತದೆ. ಅದು ಚೆಂಡಿನ ನಟ್ಟನಡುವೆ ಬರುವ ಹಾಗೆ ಕಡೆಯಬೇಕು, ಇಲ್ಲದಿದ್ದರೆ ತೂಕ ಒಂದು ಮಗ್ಗುಲಿಗೆ ವಾಲುತ್ತದೆ. ಆದ್ದರಿಂದ ಒಂದು ದಂತದಿಂದ ದಕ್ಕುತ್ತಿದ್ದ ಉತ್ತಮ ಚೆಂಡುಗಳು ಬೆರಳೆಣಿಕೆಯಷ್ಟು. ಕಡೆದ ಮೇಲೂ ತಿಂಗಳುಗಟ್ಟಲೆ ಬೆಚ್ಚಗಿನ ಕೋಣೆಯಲ್ಲಿ ಹದಕ್ಕೆ ಇಡಬೇಕು. ಆಮೇಲೂ ಹವೆ ಬದಲಾದರೆ ದಂತ ಒಂದು ದಿಕ್ಕಿಗೆ ಹೆಚ್ಚು, ಇನ್ನೊಂದು ದಿಕ್ಕಿಗೆ ಕಡಿಮೆ ಕುಗ್ಗಿ, ದುಂಡಗಿನ ಚೆಂಡು ಮೊಟ್ಟೆಯ ಆಕಾರಕ್ಕೆ ತಿರುಗುತ್ತದೆ. ಇದೇ ಮೇಜಿನ ಮೇಲೆ ಆಡುವ ಸ್ನೂಕರಿಗೆ 22 ಚೆಂಡು ಬೇಕು. ಒಂದೇ ಮೇಜಿಗೆ 22. ಊರೂರಿನ ಕ್ಲಬ್ಬು, ಅರಮನೆ, ಹೋಟೆಲುಗಳ ಮೇಜುಗಳನ್ನೆಲ್ಲ ಕಣ್ಣಮುಂದೆ ತಂದುಕೊಂಡು ಎಣಿಸಲು ಹೋದೆ. ಮನಸ್ಸು ಹಿಂಡಿದಂತಾಗಿ ಅರ್ಧಕ್ಕೇ ಬಿಟ್ಟೆ.

ದಂತ ಸಾಲದಾಯಿತು, ಬೆಲೆ ಏರಿತು. 1863ರ ಸುಮಾರಿಗೆ ನ್ಯೂಯಾರ್ಕಿನ ಫೆಲನ್ ಮತ್ತು ಕಾಲೆಂಡರ್ ಕಂಪನಿ ಘೋಷಿಸಿತು: ದಂತದ ಬದಲಿಗೆ ಬೇರೇನಾದರೂ ಕಂಡುಹಿಡಿದವರಿಗೆ 10,000 ಡಾಲರ್. ಆಲ್ಬನಿ ಪಟ್ಟಣದ ಅಚ್ಚುಕೂಟದ ಕೆಲಸಗಾರ ಜಾನ್ ವೆಸ್ಲಿ ಹಯಟ್ ಕಚ್ಚೆ ಕಟ್ಟಿ ನಿಂತ. ವರ್ಷಗಟ್ಟಲೆ ಕಲಸಿದ, ಒತ್ತಿದ, ಸುಟ್ಟ. ಹತ್ತಿಯನ್ನು ಆಮ್ಲಗಳಲ್ಲಿ ನೆನೆಸಿ ಮಾಡಿದ ಒಂದು ಸಿಡಿಯುವ ವಸ್ತುವನ್ನು ಇನ್ನೊಂದರ ಜೊತೆ ಕಾಯಿಸಿ ಒತ್ತಿದಾಗ, 1870ರ ಹೊತ್ತಿಗೆ, ಅವನಿಗೆ ಬೇಕಾದ ಗಟ್ಟಿ ಪದಾರ್ಥ ಸಿಕ್ಕಿತು. ಆ ಇನ್ನೊಂದು ಏನು? ಕರ್ಪೂರ! ನಾವು ಮಂಗಳಾರತಿಗೆ ಹಚ್ಚುವ ಕರ್ಪೂರ!

ಆ ಪದಾರ್ಥವೇ ಸೆಲ್ಯುಲಾಯ್ಡ್.

ಅವನ ಮೊದಮೊದಲ ಚೆಂಡುಗಳಿಗೆ ಹಚ್ಚುತ್ತಿದ್ದ ಲೇಪ ಹೆಚ್ಚುಕಡಿಮೆ ಮದ್ದುಗುಂಡಿನ ಹತ್ತಿಯೇ. ಚುಟ್ಟದ ಕಿಡಿ ತಾಗಿದರೆ ಭಗ್ಗೆನ್ನುತ್ತಿತ್ತು. ಎರಡು ಚೆಂಡು ಜೋರಾಗಿ ಡಿಕ್ಕಿ ಹೊಡೆದರೆ ಪಟಾಕಿಯಂತೆ ಸಣ್ಣದಾಗಿ ಸಿಡಿಯುವುದೂ ಇತ್ತು. ಕೊಲರಾಡೊದ ಮದ್ಯದಂಗಡಿಯವನೊಬ್ಬ ಹಯಟ್‌ಗೆ ಕಾಗದ ಬರೆದ: ಚೆಂಡು ಸಿಡಿದರೆ ನನಗೇನೂ ಚಿಂತೆಯಿಲ್ಲ, ಆದರೆ ಪ್ರತಿ ಸಲ ಸಿಡಿದಾಗಲೂ ಅಂಗಡಿಯಲ್ಲಿರುವ ಒಬ್ಬೊಬ್ಬನೂ ಪಿಸ್ತೂಲು ಹೊರತೆಗೆಯುತ್ತಾನೆ ಎಂದು. ಮುಂದೆ ದೊಡ್ಡ ಪ್ರಶಸ್ತಿಯೊಂದನ್ನು ಪಡೆಯುವ ವೇದಿಕೆಯಲ್ಲಿ ಈ ಕತೆಯನ್ನು ಹೇಳಿಕೊಂಡವನು ಹಯಟನೇ.

ಸೆಲ್ಯುಲಾಯ್ಡ್ ಚೆಂಡಾಗಿ ದಂತಕ್ಕೆ ಪೂರ್ತಿ ಸಾಟಿಯಾಗಲಿಲ್ಲ. ಆದರೆ ಅದು ಬಾಚಣಿಗೆಯಾಯಿತು, ಹಲ್ಲಿನ ಕಟ್ಟಾಯಿತು, ಕಾಲರ್ ಆಯಿತು. ಕೊನೆಗೆ ತೆಳ್ಳಗೆ ಹಾಳೆಯಾಗಿ, ಉದ್ದಕ್ಕೆ ಸುರುಳಿಯಾಗಿ... ಸಿನಿಮಾ ಆಯಿತು! 1934ರಲ್ಲಿ ನಮ್ಮ ಮೊದಲ ವಾಕ್ಚಿತ್ರ 'ಸತಿ ಸುಲೋಚನಾ' ತೆರೆಗೆ ಬಂದ ಕಾಲದ ರೀಲುಗಳು ಇದೇ ವಂಶದವು, ಬೇಗ ಹೊತ್ತಿಕೊಳ್ಳುವ, ಬೇಗ ಕೆಡುವ ನೈಟ್ರೇಟ್ ಸುರುಳಿಗಳು. ಆ ಚಿತ್ರದ ಒಂದು ಪ್ರತಿಯೂ ಇವತ್ತು ಉಳಿದಿಲ್ಲ. ಆನೆಯನ್ನು ಉಳಿಸಲೆಂದು, ಸರಿಯಾಗಿ ಹೇಳುವುದಾದರೆ ಆನೆಗೆ ತೆರುವ ಕಾಸನ್ನು ಉಳಿಸಲೆಂದು, ಹುಡುಕಿದ ಚೆಂಡಿನಿಂದ ನಮ್ಮ ಭಾಷೆಯ ಮೊದಲ ಮಾತಾಡುವ ಚಿತ್ರದವರೆಗೆ ಒಂದು ದಾರಿ! ಈಗಿನ ಚೆಂಡು ಫಿನಾಲಿಕ್ ರಾಳದ್ದು. ಪ್ರಪಂಚದ ಬಹುಪಾಲು ಒಳ್ಳೆಯ ಚೆಂಡುಗಳು ಬೆಲ್ಜಿಯಂನ ಒಂದೇ ಕಾರ್ಖಾನೆಯಿಂದ ಬರುತ್ತವೆ.

ಇಷ್ಟಾದ ಮೇಲೆ ನಾನು ಊಟಿಗೆ ಹೊರಟೆ. ಊಟಿಗೇಕೆ ಎಂದು ಮನೆಯವರೂ ಕೇಳಿದರು.

ಸ್ನೂಕರ್ ಇಂಗ್ಲೆಂಡಿನ ಆಟವೆಂದು ನಾವು ನಂಬಿದ್ದೇವಲ್ಲ, ಅದು ಹುಟ್ಟಿದ್ದು ಜಬಲ್ಪುರದಲ್ಲಿ! 1875ರ ಮಳೆಗಾಲ. ಡೆವನ್‌ಶೈರ್ ರೆಜಿಮೆಂಟಿನ ಅಧಿಕಾರಿಗಳು ಮೆಸ್ಸಿನಿಂದ ಹೊರಗೆ ಕಾಲಿಡಲಾಗದೆ ಬಿಲಿಯರ್ಡ್ಸ್ ಮೇಜನ್ನು ಸುತ್ತುತ್ತಿದ್ದರು. ಅವರಲ್ಲಿ 19ರ ಹರೆಯದ ನೆವಿಲ್ ಚೇಂಬರ್ಲಿನ್ ಒಬ್ಬ. ಮುಂದೆ ಬ್ರಿಟನ್ನಿನ ಪ್ರಧಾನಿಯಾದವನಲ್ಲ, ಇವನು ಬೇರೆ. ಆಗ ಚಾಲ್ತಿಯಲ್ಲಿದ್ದ, ಕೆಂಪು ಚೆಂಡುಗಳ ಜೊತೆ ಒಂದು ಕಪ್ಪು ಚೆಂಡಿಟ್ಟು ಆಡುವ ಪಂದ್ಯದಾಟಕ್ಕೆ ಅವನು ಇನ್ನೂ ಬಣ್ಣದ ಚೆಂಡುಗಳನ್ನು ಸೇರಿಸುತ್ತ ಹೋದ. ಒಂದು ದಿನ ವೂಲಿಚ್ ಸೇನಾ ಅಕಾಡೆಮಿಯಲ್ಲಿ ಕಲಿತು ಬಂದ ಯುವಕನೊಬ್ಬ ಮಾತಿನ ನಡುವೆ, ಅಲ್ಲಿ ಹೊಸದಾಗಿ ಸೇರಿದ ಹುಡುಗರನ್ನು 'ಸ್ನೂಕರ್' ಎಂದು ಕರೆಯುತ್ತಾರೆ ಎಂದ. ಸ್ವಲ್ಪ ಹೊತ್ತಿಗೆ ಯಾರೋ ಒಬ್ಬ ಮೇಜಿನ ಗುಳಿಯ ಬಾಯಲ್ಲೇ ಇದ್ದ ಚೆಂಡನ್ನು ತಪ್ಪಿಸಿದ. ಚೇಂಬರ್ಲಿನ್ ಅವನನ್ನು ಅದೇ ಹೆಸರು ಹಿಡಿದು ರೇಗಿಸಿದ. ಅವನಿಗೆ ಬೇಜಾರಾಗಬಾರದೆಂದು, ಈ ಆಟದಲ್ಲಿ ನಾವೆಲ್ಲರೂ ಸ್ನೂಕರುಗಳೇ ಬಿಡು ಎಂದೂ ಸೇರಿಸಿದ. ಹೆಸರು ಆಟಕ್ಕೇ ಅಂಟಿಕೊಂಡಿತು.

ಆಮೇಲೆ ಆಫ್ಘನ್ ಯುದ್ಧ, ಗಾಯ, ಚೇತರಿಕೆ. ಮದ್ರಾಸ್ ಸೈನ್ಯದ ಮುಖ್ಯಸ್ಥ ಫ್ರೆಡರಿಕ್ ರಾಬರ್ಟ್ಸ್ ಜೊತೆ ಕೆಲಸ. ಮದ್ರಾಸ್ ಸರ್ಕಾರ ಬೇಸಿಗೆಗೆ ಊಟಿ ಹತ್ತುತ್ತಿತ್ತು, ಚೇಂಬರ್ಲಿನ್ ಕೂಡ ಹತ್ತಿದ. ಅಲ್ಲಿನ ಕ್ಲಬ್ಬಿನ ಬಿಲಿಯರ್ಡ್ಸ್ ಕೋಣೆಯಲ್ಲಿ 1882ರಲ್ಲಿ ಸ್ನೂಕರಿನ ನಿಯಮಗಳನ್ನು ಬರೆದು ಗೋಡೆಗೆ ಹಾಕಿದರು. ಲೋಕವಿಡೀ ಆಡುವ ಆಟದ ಕಾನೂನು ನಮ್ಮ ನೀಲಗಿರಿಯ ಒಂದು ಗೋಡೆಯ ಮೇಲೆ!

ಗುಂಡ್ಲುಪೇಟೆ ದಾಟಿ ಬಂಡೀಪುರದ ಕಾಡಿಗೆ ಬಂದಾಗ ರಸ್ತೆ ಬದಿಯಲ್ಲಿ ಒಂಟಿ ಸಲಗ ನಿಂತಿತ್ತು. ಕಾರು ನಿಧಾನವಾಯಿತು. ಅದರ ದಂತಗಳನ್ನು ನೋಡುತ್ತ ನನಗೆ ಅಳುವೇ ಬಂದಂತಾಯಿತು. ಪಕ್ಕದಲ್ಲಿದ್ದವರಿಗೆ ಏಕೆಂದು ಹೇಗೆ ಹೇಳಲಿ? ಮಸಿನಗುಡಿಯಿಂದ ಕಲ್ಹಟ್ಟಿ ಘಾಟಿ. ತಿರುವು ತಿರುವಿಗೂ ಫಲಕ. ಒಟ್ಟು 36 ತಿರುವು. ಕೂತಲ್ಲೇ ಬೆರಳು ಮಡಿಸಿ ಲೆಕ್ಕ ಹಾಕಿದೆ: ಸ್ನೂಕರಿನಲ್ಲಿ ಒಂದೇ ಸರದಿಯಲ್ಲಿ ಗಳಿಸಬಹುದಾದ ಪೂರ್ಣಾಂಕ 147. 15 ಕೆಂಪು, ಒಂದೊಂದರ ಹಿಂದೆಯೂ ಒಂದೊಂದು ಕಪ್ಪು, ಕೊನೆಗೆ ಆರು ಬಣ್ಣ. ಒಟ್ಟು ಹೊಡೆತ? 36! ಬರೀ ಕಾಕತಾಳೀಯ, ನನಗೂ ಗೊತ್ತು. ಆದರೂ ಮೈ ಜುಮ್ಮೆಂದಿತು. ಇಂಗ್ಲೆಂಡಿನ ರಾನಿ ಒ'ಸಲಿವನ್ 1997ರಲ್ಲಿ ಆ 36 ಹೊಡೆತಗಳನ್ನೂ ಮುಗಿಸಿದ್ದು 5 ನಿಮಿಷ 8 ಸೆಕೆಂಡಿನಲ್ಲಿ. ಹೊಡೆತಕ್ಕೆ ಒಂಬತ್ತು ಸೆಕೆಂಡೂ ಇಲ್ಲ. ನಮಗೆ ಒಂದು ತಿರುವು ಹತ್ತುವುದಕ್ಕೇ ಅದಕ್ಕಿಂತ ಹೆಚ್ಚು ಹಿಡಿಯಿತು.

ಊಟಿ ಕ್ಲಬ್ಬು ಸದಸ್ಯರಿಗೆ ಮಾತ್ರ. ನಾನು ಗೇಟಿನಾಚೆ ನಿಂತು ನೋಡಿದೆ. 1830ರ ದಶಕದಲ್ಲಿ ಕಟ್ಟಿದ ಕಂಬಗಳ ಬಿಳಿ ಕಟ್ಟಡ ಮಂಜಿನಲ್ಲಿ ಮೂಡುತ್ತಿತ್ತು, ಕರಗುತ್ತಿತ್ತು. ಅಷ್ಟೇ ಸಾಕಾಯಿತು.

ಈ ಹುಟ್ಟಿನ ಕತೆಯೇ ಮರೆತುಹೋಗುವುದರಲ್ಲಿತ್ತು. 1930ರ ದಶಕದಲ್ಲಿ ಸ್ನೂಕರ್ ವೂಲಿಚ್‌ನಲ್ಲಿ ಹುಟ್ಟಿದ್ದೆಂಬ ಮಾತು ಎದ್ದಾಗ, 82ರ ಮುದುಕ ಚೇಂಬರ್ಲಿನ್ 1938ರಲ್ಲಿ 'ದಿ ಫೀಲ್ಡ್' ಪತ್ರಿಕೆಗೆ ಪತ್ರ ಬರೆದು ಜಬಲ್ಪುರವನ್ನೂ ಊಟಿಯನ್ನೂ ನೆನಪಿಸಿದ. ಕಾದಂಬರಿಕಾರ ಕಾಂಪ್ಟನ್ ಮೆಕೆಂಜಿ ಅದನ್ನು ಬೆಂಬಲಿಸಿ ಬರೆದ. ಅರವತ್ತಕ್ಕೂ ಹೆಚ್ಚು ವರ್ಷ ಆ ಮಳೆಗಾಲವನ್ನು ಎದೆಯಲ್ಲಿ ಇಟ್ಟುಕೊಂಡಿದ್ದನಲ್ಲ!

ಇಂಗ್ಲೆಂಡಿಗೆ ಆಟ ಹೋದದ್ದು ವೃತ್ತಿಪರ ಚಾಂಪಿಯನ್ ಜಾನ್ ರಾಬರ್ಟ್ಸ್ ಮೂಲಕ. 1885ರಲ್ಲಿ ಭಾರತಕ್ಕೆ ಬಂದಿದ್ದ ಆತ ಕಲ್ಕತ್ತದಲ್ಲಿ ಕೂಚ್ ಬಿಹಾರದ ಮಹಾರಾಜರ ಜೊತೆ ಊಟಕ್ಕೆ ಕೂತಾಗ ಚೇಂಬರ್ಲಿನ್‌ನನ್ನು ಭೇಟಿಯಾಗಿ ನಿಯಮಗಳನ್ನು ಕೇಳಿ ತಿಳಿದುಕೊಂಡ. ಆದರೆ ಇನ್ನೂ ನಾಲ್ಕು ದಶಕ ಅಲ್ಲಿ ದುಡ್ಡು, ಹೆಸರು ಎಲ್ಲ ಬಿಲಿಯರ್ಡ್ಸಿಗೇ. ಬಿಲಿಯರ್ಡ್ಸ್ ಸೋತದ್ದು ತನ್ನ ಮಹಾಪುರುಷರ ಕೈಯಲ್ಲಿ. ಅವರು ತೀರಾ ಚೆನ್ನಾಗಿ ಆಡಿಬಿಟ್ಟರು! 1907ರಲ್ಲಿ ಟಾಮ್ ರೀಸ್ ಎರಡು ಚೆಂಡುಗಳನ್ನು ಮೂಲೆಯ ಗುಳಿಯ ಬಾಯಲ್ಲಿ ಸಿಕ್ಕಿಸಿ, ಮೂರನೆಯದರಿಂದ ಅವನ್ನು ಮೆಲ್ಲಗೆ ಮುಟ್ಟುತ್ತ ಮುಟ್ಟುತ್ತ, ವಾರಗಟ್ಟಲೆ ಅದೇ ಸರದಿ ಆಡಿದ. ಅಂಕ 4,99,135. ಎದುರಾಳಿ ಅಷ್ಟು ದಿನವೂ ಕುರ್ಚಿಯಲ್ಲಿ! ಆ ಹೊಡೆತವನ್ನೇ ನಿಷೇಧಿಸಿದರು.

ವಾಲ್ಟರ್ ಲಿಂಡ್ರಮ್‌ನದು ಬೇರೆಯೇ ಎತ್ತರ. ಆಸ್ಟ್ರೇಲಿಯಾದ ಚಿನ್ನದ ಗಣಿಗಳ ಊರಾದ ಕಾಲ್ಗೂರ್ಲಿಯ ಹುಡುಗ. ಮೂರರ ವಯಸ್ಸಿನಲ್ಲಿ ಬಟ್ಟೆ ಹಿಂಡುವ ಯಂತ್ರಕ್ಕೆ ಸಿಕ್ಕಿ ಬಲಗೈ ತೋರುಬೆರಳಿನ ತುದಿ ಹೋಯಿತು, ಎಡಗೈಯಲ್ಲಿ ಆಡಲು ಕಲಿತ. 1932ರ ಜನವರಿಯಲ್ಲಿ ಲಂಡನ್ನಿನ ಥರ್ಸ್‌ಟನ್ ಹಾಲಿನಲ್ಲಿ ಒಂದೇ ಸರದಿಗೆ 4,137 ಅಂಕ. ಮೂರು ಚೆಂಡುಗಳು ಕುಷನ್ನಿನ ಅಂಚಿಗೆ ಕೋಳಿಮರಿಗಳಂತೆ ಒತ್ತಿಕೊಂಡು ತೆವಳುತ್ತವೆ, ಒಂದೊಂದೂ ಕೂದಲೆಳೆಯಷ್ಟೇ ಸರಿಯುತ್ತದೆ, ಟಿಕ್, ಟಿಕ್, ಟಿಕ್. ಅವನನ್ನು ತಡೆಯಲೆಂದೇ ನಿಯಮ ಬದಲಿಸಿದರು. ಮೆಲ್ಬರ್ನಿನಲ್ಲಿ ಅವನ ಸಮಾಧಿ ಬಿಲಿಯರ್ಡ್ಸ್ ಮೇಜಿನ ಆಕಾರದಲ್ಲಿದೆ.

ಆ 4,137 ಆಗುವಾಗ ಎದುರು ಕೂತಿದ್ದವನು ಜೋ ಡೇವಿಸ್. ಕೂತು ಕೂತು ಅವನಿಗೆ ಇನ್ನಷ್ಟು ಖಾತ್ರಿಯಾಗಿದ್ದಿರಬೇಕು, ಜನಕ್ಕೆ ಬೇಕಾದದ್ದು ಗಳಿಗೆಗೊಮ್ಮೆ ಬದಲಾಗುವ ಆಟ ಎಂದು. ಅವನೇ ಮುಂದೆ ನಿಂತು 1927ರಲ್ಲಿ ಶುರುಮಾಡಿಸಿದ್ದ ಸ್ನೂಕರಿನ ಮೊದಲ ವಿಶ್ವ ಚಾಂಪಿಯನ್‌ಶಿಪ್ಪಿನಲ್ಲಿ ಗೆದ್ದವನಿಗೆ ಸಿಕ್ಕಿದ್ದು 6 ಪೌಂಡು 10 ಷಿಲಿಂಗ್. ಗೆದ್ದವನೂ ಅವನೇ, 1946ರವರೆಗೆ 15 ಸಲ ಅವನೇ. ಆಮೇಲೆ ಬಣ್ಣದ ಟಿವಿ ಬಂತು. ಬಣ್ಣವನ್ನು ತೋರಿಸಲು ಬಣ್ಣದ ಚೆಂಡಿಗಿಂತ ಬೇಕೇನು? 1969ರಲ್ಲಿ 'ಪಾಟ್ ಬ್ಲ್ಯಾಕ್' ಎಂಬ ಸ್ನೂಕರ್ ಟಿವಿ ಕಾರ್ಯಕ್ರಮ ಶುರುವಾಯಿತು. ಆಗ ಬಿಬಿಸಿ 2ರ ಚುಕ್ಕಾಣಿ ಹಿಡಿದಿದ್ದವರು, ಕಾಡುಪ್ರಾಣಿಗಳ ಚಿತ್ರಗಳಿಂದ ನಮಗೆಲ್ಲ ಗೊತ್ತಿರುವ ಡೇವಿಡ್ ಅಟೆನ್‌ಬರೊ. 1985ರಲ್ಲಿ ಶೆಫೀಲ್ಡಿನ ಕ್ರೂಸಿಬಲ್ ರಂಗಮಂದಿರದಲ್ಲಿ ಸ್ಟೀವ್ ಡೇವಿಸ್ ಮತ್ತು ಡೆನಿಸ್ ಟೇಲರ್ ನಡುವೆ ವಿಶ್ವ ಚಾಂಪಿಯನ್‌ಶಿಪ್ಪಿನ ಫೈನಲ್. 35 ಫ್ರೇಮ್‌ಗಳ ಪಂದ್ಯ, ಕಟ್ಟಕಡೆಯ ಫ್ರೇಮಿನ ಕಟ್ಟಕಡೆಯ ಕಪ್ಪು ಚೆಂಡಿಗೆ ಬಂದು ನಿಂತಿತು. ನಡುರಾತ್ರಿ ದಾಟಿತ್ತು. 1.85 ಕೋಟಿ ಜನ ಟಿವಿ ಮುಂದೆ ಕಣ್ಣು ಮಿಟುಕಿಸದೆ ಕೂತಿದ್ದರು. ಅಲ್ಲಿಯವರೆಗೆ ಒಮ್ಮೆಯೂ ಮುನ್ನಡೆ ಕಾಣದಿದ್ದ ಟೇಲರ್ ಆ ಕಪ್ಪನ್ನು ಹಾಕಿ ಕ್ಯೂವನ್ನು ತಲೆಯ ಮೇಲೆತ್ತಿದ.

ಅಮೆರಿಕದ ಪೂಲ್ ಇನ್ನೊಂದು ಲೋಕ. ಪೂಲ್ ಅಂದರೆ ಎಲ್ಲರೂ ಸೇರಿ ಹಾಕಿದ ಪಣದ ದುಡ್ಡು. ಪೂಲ್ ರೂಮ್ ಅಂದರೆ ಮೊದಲಿಗೆ ಕುದುರೆ ಜೂಜಿನ ಅಡ್ಡೆ. ಒಂದು ರೇಸಿಗೂ ಇನ್ನೊಂದಕ್ಕೂ ನಡುವೆ ಹೊತ್ತು ಹೋಗಲಿ ಎಂದು ಅಲ್ಲಿ ಮೇಜು ಹಾಕಿದರು. ಜೂಜಿನ ಹೆಸರು ಆಟಕ್ಕೆ ಮೆತ್ತಿಕೊಂಡಿತು. ಆ ಕೆಟ್ಟ ಹೆಸರನ್ನು ತೊಳೆಯಲು ಜೀವಮಾನವಿಡೀ ಸೂಟು ಬೂಟಿನಲ್ಲಿ ಆಡಿದವನು ವಿಲ್ಲಿ ಮಾಸ್ಕೋನಿ. 1954ರಲ್ಲಿ ಒಂದೂ ತಪ್ಪದೆ ಸತತ 526 ಚೆಂಡು ಗುಳಿಗೆ ಹಾಕಿದ. 1961ರ 'ದಿ ಹಸ್ಲರ್' ಚಿತ್ರದಲ್ಲಿ ಪಾಲ್ ನ್ಯೂಮನ್‌ಗೆ ಆಟ ಕಲಿಸಿದವನು ಅವನೇ. ತೆರೆಯ ಮೇಲೆ ಮುಖ ನ್ಯೂಮನ್‌ನದು; ಕಷ್ಟದ ಹೊಡೆತಗಳಲ್ಲಿ ಕಾಣುವ ಕೈ ಮಾಸ್ಕೋನಿಯದು. ಅವನ 526ನ್ನು ದಾಟಿದ ಲೆಕ್ಕ ಬರಲು 2019ರವರೆಗೆ ಕಾಯಬೇಕಾಯಿತು.

ನನಗೆ ಅವರೆಲ್ಲರಿಗಿಂತ ಹತ್ತಿರದವನು ಫಿಲಿಪ್ಪೀನ್ಸಿನ ಎಫ್ರೆನ್ ರೇಯಸ್. ಮನಿಲಾದಲ್ಲಿ ಮಾವನ ಪೂಲ್ ಹಾಲಿನಲ್ಲಿ ಬೆಳೆದ ಹುಡುಗ. ಮೇಜು ಎಟುಕುತ್ತಿರಲಿಲ್ಲ, ಕೋಕ-ಕೋಲಾ ಕ್ರೇಟುಗಳನ್ನು ಎಳೆದೆಳೆದು ಅದರ ಮೇಲೆ ನಿಂತು ಆಡುತ್ತಿದ್ದ. ರಾತ್ರಿ ಮಲಗುತ್ತಿದ್ದದ್ದೂ ಪೂಲ್ ಮೇಜಿನ ಮೇಲೇ! 1985ರಲ್ಲಿ ಅಮೆರಿಕಕ್ಕೆ ಬಂದು ಬೇರೆ ಹೆಸರಿನಲ್ಲಿ ಹೂಸ್ಟನ್ನಿನ ಪಂದ್ಯಾವಳಿ ಗೆದ್ದ. ನಿಜ ಹೆಸರು ಹೇಳಿದ್ದರೆ ಆಗಲೇ ಕಿವಿಯಿಂದ ಕಿವಿಗೆ ಹಬ್ಬಿದ್ದ ಅವನ ಖ್ಯಾತಿಗೆ ಯಾರೂ ಎದುರು ನಿಲ್ಲುತ್ತಿರಲಿಲ್ಲ. 1999ರಲ್ಲಿ ಕಾರ್ಡಿಫ್‌ನಲ್ಲಿ ನೈನ್-ಬಾಲ್ ಪೂಲಿನ ವಿಶ್ವ ಚಾಂಪಿಯನ್. ಅವನಿಗೆ ಲೋಕವಿಟ್ಟ ಹೆಸರು ಮಾಂತ್ರಿಕ. ಗೋಲಿಯಾಡಿದ ನಮ್ಮ ಯಾವ ಹುಡುಗನಿಗೂ ಎಫ್ರೆನ್ ಮನೆಯವನಂತೆ ಕಾಣುತ್ತಾನೆ. ಮೇಜಿನ ಮೇಲೆ ಅವನು ಬಗ್ಗಿ ನೋಡುವ ನೋಟದಲ್ಲಿ ಮಣ್ಣಿನಂಗಳದ ಏನೋ ಇದೆ.

ಈಗ ಮನೆಗೆ ಬನ್ನಿ. ಸ್ವತಂತ್ರ ಭಾರತದಿಂದ ಯಾವುದೇ ಆಟದಲ್ಲಿ ಒಂಟಿಯಾಗಿ ನಿಂತು ವಿಶ್ವ ಚಾಂಪಿಯನ್ ಆದ ಮೊದಲಿಗ ಯಾರು? ಪುಣೆಯಲ್ಲಿ ಹುಟ್ಟಿದ ವಿಲ್ಸನ್ ಜೋನ್ಸ್. ವರ್ಷ 1958, ಊರು ಕಲ್ಕತ್ತ, ಆಟ ಬಿಲಿಯರ್ಡ್ಸ್. 1992ರಲ್ಲಿ ವಿಶ್ವ ವೃತ್ತಿಪರ ಬಿಲಿಯರ್ಡ್ಸಿನಲ್ಲಿ ಗೀತ್ ಸೇಠಿ ಒಂದೇ ಸರದಿಯಲ್ಲಿ 1,276 ಅಂಕ ಗಳಿಸಿದರು.

ಇನ್ನು ನಮ್ಮ ಬೆಂಗಳೂರು! ಹತ್ತರ ಹುಡುಗನೊಬ್ಬ ಅಣ್ಣನ ಹಿಂದೆ ಸ್ನೂಕರ್ ಪಾರ್ಲರಿಗೆ ಹೋದ. ಸುಮ್ಮನೆ ನೋಡುತ್ತ ನಿಂತ. ಆಮೇಲೆ ಕರ್ನಾಟಕ ರಾಜ್ಯ ಬಿಲಿಯರ್ಡ್ಸ್ ಸಂಸ್ಥೆಯಲ್ಲಿ ಅರವಿಂದ ಸವೂರರ ಗರಡಿ. 2003ರಲ್ಲಿ, 18 ತುಂಬಿದ ವರ್ಷವೇ, ಚೀನಾದಲ್ಲಿ ವಿಶ್ವ ಸ್ನೂಕರ್ ಕಿರೀಟ. 2005ರಲ್ಲಿ ಮಾಲ್ಟಾದಲ್ಲಿ ಬಿಲಿಯರ್ಡ್ಸಿನ ಅಂಕದ ಮಾದರಿಯನ್ನೂ ಸಮಯದ ಮಾದರಿಯನ್ನೂ ಬೆನ್ನುಬೆನ್ನಿಗೆ ಗೆದ್ದ. 2008ರಲ್ಲಿ ಅದನ್ನೇ ಬೆಂಗಳೂರಿನಲ್ಲಿ, ನಮ್ಮವರ ಕಣ್ಣೆದುರೇ, ಮತ್ತೊಮ್ಮೆ ಮಾಡಿದ. 2024ರ ಕೊನೆಗೆ ಪಂಕಜ್ ಅಡ್ವಾಣಿಯ ವಿಶ್ವ ಪ್ರಶಸ್ತಿಗಳ ಲೆಕ್ಕ 28! ನಮ್ಮ ಊರಿನ ಬೀದಿಗಳಲ್ಲಿ ಓಡಾಡಿ ಬೆಳೆದ ಹುಡುಗ, ಆದರೆ ಬಸ್ಸಿನಲ್ಲಿ ಪಕ್ಕ ಕೂತರೆ ನಮ್ಮಲ್ಲಿ ಎಷ್ಟು ಜನ ಗುರುತಿಸುತ್ತೇವೆ? ಮಹಿಳೆಯರ ಬಿಲಿಯರ್ಡ್ಸಿನಲ್ಲಿ 2012ರ ವಿಶ್ವ ಚಾಂಪಿಯನ್ ಕೂಡ ಕರ್ನಾಟಕದವರೇ, ಉಮಾದೇವಿ ನಾಗರಾಜ್. ಮೇಜಿನ ಬಟ್ಟೆ ಹರಿದಾರೆಂದು ಒಂದು ಕಾಲಕ್ಕೆ ಯುರೋಪಿನಲ್ಲಿ ಹೆಂಗಸರ ಕೈಗೆ ಕ್ಯೂ ಕೊಡದೆ, ಚೆಂಡು ದೂಡುವ ಹಳೆಯ ದಪ್ಪ ತುದಿಯ ಕೋಲನ್ನೇ ಹಿಡಿಸುತ್ತಿದ್ದರು. ಅದನ್ನು ಓದಿ ಉಮಾದೇವಿಯವರ ಗೆಲುವಿನ ಸುದ್ದಿಯನ್ನು ಇನ್ನೊಮ್ಮೆ ಓದಿದೆ.

ಈ ಮಳೆಗಾಲ ಮತ್ತೆ ಆ ಕೋಣೆಗೆ ಹೋದೆ. ಮಾರ್ಕರ್ ಇಸ್ತ್ರಿ ಮುಗಿಸಿ ಕೂತಿದ್ದರು. ಒಂದೇ ಉಸಿರಿಗೆ ಎಲ್ಲ ಹೇಳಿದೆ. ಜಬಲ್ಪುರ, ಕರ್ಪೂರ, ಕೊರಿಯೊಲಿಸ್, ಬಾತ್ ಊರಿನ ಮಾರ್ಕರ್, 36 ತಿರುವು. ಅವರು ಪೂರ್ತಿ ಕೇಳಿಸಿಕೊಂಡರು. ಬಾತ್ ಊರಿನವನ ಕತೆಗೆ ಮಾತ್ರ, "ಅಂದ್ರೆ ನಮ್ಮೋನೇ ಅನ್ನಿ!" ಎಂದು ತೊಡೆ ತಟ್ಟಿದರು. ಆಮೇಲೆ ಎದ್ದು ನೀಲಿ ಚೆಂಡನ್ನು ಮೇಜಿನ ಮೇಲಿಟ್ಟು, ಬಿಳಿಯದನ್ನು ನನ್ನ ಮುಂದೆ ಉರುಳಿಸಿ, ಕ್ಯೂವಿಗೆ ತಾವೇ ಚಾಕ್ ಹಚ್ಚಿ ಕೈಗೆ ಕೊಟ್ಟರು.

"ನಡುಗುಳಿಗೆ ಸಾರ್. ಮೆಲ್ಲಗೆ. ನ್ಯಾಪ್‌ಗೆ ಎದುರು ಹೋಗ್ತಿದೀರಿ, ನೆನಪಿರ್ಲಿ."

ಬಗ್ಗಿದೆ. ಗದ್ದಕ್ಕೆ ಕ್ಯೂ ತಾಗಿತು. ಹೊರಗೆ ಮಳೆ ಹೊಡೆಯುತ್ತಿತ್ತು. ಟಕ್ ಎಂದಿತು. ನೀಲಿ ಹೊರಟಿತು, ನೆಟ್ಟಗೆ, ನೆಟ್ಟಗೆ, ವೇಗ ಇಳಿಯುತ್ತ ಇಳಿಯುತ್ತ, ಕೊನೆಯ ಗೇಣಿನಲ್ಲಿ ಒಂಚೂರು ಬಳುಕಿತು. "ನೋಡಿ, ನೋಡಿ, ಎಳೀತು!" ಎಂದರು ಮಾರ್ಕರ್. ಚೆಂಡು ಗುಳಿಯ ಅಂಚಿಗೆ ಬಂದು ತೂಗಾಡುತ್ತಿತ್ತು. ನಾವಿಬ್ಬರೂ ಉಸಿರು ಹಿಡಿದು ಅದನ್ನೇ ನೋಡುತ್ತ ನಿಂತೆವು.